ಸಾಕೆಟ್ ಪುರಾಣ

ಸಿ ಭಾಷೆಯಲ್ಲಿ ನೆಟ್‌ವರ್ಕ್ ಪ್ರೋಗ್ರಾಂ ಬರೆದವರಿಗೆಲ್ಲ ಒಂದು ಸಾಲು ಚೆನ್ನಾಗಿ ಪರಿಚಯ. ವಿಳಾಸವನ್ನು 'ಸಾಕ್‌ಆಡ್ರ್_ಇನ್' ಅನ್ನೋ ಸ್ಟ್ರಕ್ಚರ್‌ನಲ್ಲಿ ತುಂಬಿಸುತ್ತೇವೆ. ಆದರೆ ಬೈಂಡ್‌ಗೋ ಕನೆಕ್ಟ್‌ಗೋ ಕೊಡುವಾಗ ಅದನ್ನು 'ಸಾಕ್‌ಆಡ್ರ್' ಅನ್ನೋ ಬೇರೆ ಸ್ಟ್ರಕ್ಚರಿನ ಪಾಯಿಂಟರ್ ಅಂತ ಕ್ಯಾಸ್ಟ್ ಮಾಡುತ್ತೇವೆ. ತುಂಬಿದ್ದು ಒಂದು, ಕೊಟ್ಟಿದ್ದು ಇನ್ನೊಂದು! ಯಾಕೆ ಅಂತ ಕೇಳಿದರೆ "ಅದು ಹಾಗೇ ಬರೀಬೇಕು" ಅನ್ನೋದೇ ಉತ್ತರ. ಆ "ಹಾಗೇ"ಯ ಹಿಂದೆ ನಲವತ್ತು ವರ್ಷಕ್ಕೂ ಹಳೆಯ ಕಥೆಯೊಂದಿದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಧೈರ್ಯವಾಗಿ ಓದಬಹುದು, ಕೋಡ್ ಹಾಕಿ ಹೆದರಿಸುವುದಿಲ್ಲ :-)

ಮೊದಲು ಯುನಿಕ್ಸ್‌ನಿಂದ ಶುರು ಮಾಡೋಣ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟಿದಾಗ ಅವರ ದೊಡ್ಡ ಉಪಾಯ ಅಂದರೆ ಎಲ್ಲವನ್ನೂ ಫೈಲ್ ಥರ ನೋಡುವುದು. ಡಿಸ್ಕ್ ಆಗಲಿ, ಪ್ರಿಂಟರ್ ಆಗಲಿ, ಟರ್ಮಿನಲ್ ಆಗಲಿ, ಓಪನ್ ಮಾಡು, ರೀಡ್ ಮಾಡು, ರೈಟ್ ಮಾಡು, ಕ್ಲೋಸ್ ಮಾಡು. ನಾಲ್ಕೇ ಮಾತು, ಕೆಲಸ ಮುಗೀತು.

ನೆಟ್‌ವರ್ಕ್ ಬಂದಾಗ ಈ ನಾಲ್ಕು ಮಾತು ಸಾಲಲಿಲ್ಲ. ಫೈಲ್ ಯಾವತ್ತೂ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ, ಆದರೆ ನೆಟ್‌ವರ್ಕ್‌ನಲ್ಲಿ ಯಾರೋ ಗೊತ್ತಿಲ್ಲದವರು ಯಾವಾಗ ಬೇಕಾದರೂ ಬಂದು ತಟ್ಟುತ್ತಾರೆ. ಅವರಿಗಾಗಿ ಕಾದು ಕೂರುವುದು ಹೇಗೆ? ಒಬ್ಬರ ಜೊತೆ ಮಾತಾಡುತ್ತಿರುವಾಗ ಇನ್ನೊಬ್ಬರು ಬಂದರೆ? ಆಚೆ ಕಡೆಯವರ ವಿಳಾಸ ಹೇಳುವುದು ಹೇಗೆ?

ಈ ಪ್ರಶ್ನೆಗಳು ಬಂದು ಬಿದ್ದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ. 1980ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ, ಯುನಿಕ್ಸ್ ಅನ್ನು ತನ್ನ ಸಂಶೋಧಕರಿಗೆ ಬೇಕಾದಂತೆ ಬೆಳೆಸಲು ಬರ್ಕ್ಲಿಯ ಬಾಬ್ ಫ್ಯಾಬ್ರಿ ತಂಡಕ್ಕೆ ಹಣ ಕೊಟ್ಟಿತು. ಟಿಸಿಪಿ/ಐಪಿಯ ಮೊದಲ ಕೋಡ್ ಬರೆದು ಬರ್ಕ್ಲಿಗೆ ಕೊಟ್ಟವರು ಬಿಬಿಎನ್ ಕಂಪನಿಯ ರಾಬ್ ಗುರ್ವಿಟ್ಜ್. ಬರ್ಕ್ಲಿಯ ಬಿಲ್ ಜಾಯ್ ಅದನ್ನು ಯುನಿಕ್ಸ್ ಒಳಗೆ ಕೂರಿಸಿ, ಕುಟ್ಟಿ ತಟ್ಟಿ ವೇಗ ಹೆಚ್ಚಿಸಿದರು. 1982ರಲ್ಲಿ 4.1ಎ ಅನ್ನೋ ಒಳಗಿನ ಬಳಕೆಯ ಆವೃತ್ತಿ ಬಂತು, ಅದರ ಕಳ್ಳ ಪ್ರತಿಗಳು ಎಲ್ಲೆಲ್ಲೋ ಹರಡಿದವು. ಅದೇ ವರ್ಷ ಜಾಯ್ ಸನ್ ಕಂಪನಿಗೆ ಹೊರಟರು. ಉಳಿದ ಕೆಲಸವನ್ನು ದಡ ಮುಟ್ಟಿಸಿದವರು ಸ್ಯಾಮ್ ಲೆಫ್ಲರ್. 1983ರ ಆಗಸ್ಟ್‌ನಲ್ಲಿ 4.2ಬಿಎಸ್‌ಡಿ ಹೊರಬಂತು. ಅದೇ ವರ್ಷದ ಜನವರಿ 1ಕ್ಕೆ ಆರ್ಪಾನೆಟ್ ತನ್ನ ಹಳೆಯ ಎನ್‌ಸಿಪಿ ಬಿಟ್ಟು ಟಿಸಿಪಿ/ಐಪಿಗೆ ಬದಲಾಗಿತ್ತು. ಹೀಗಾಗಿ ಹಸಿದವರ ಮುಂದೆ ಸರಿಯಾದ ಹೊತ್ತಿಗೆ ಎಲೆ ಹಾಕಿದಂತಾಯಿತು.

ಸಾಕೆಟ್ ಎಂಬ ಹೆಸರು ಮಾತ್ರ ಬರ್ಕ್ಲಿಯವರದ್ದಲ್ಲ. 1971ರ ಆರ್‌ಎಫ್‌ಸಿ 147 ಅನ್ನೋ ಟಿಪ್ಪಣಿ ಇರುವುದೇ ಸಾಕೆಟ್ ಅಂದರೇನು ಅಂತ ಹೇಳಲು. ಬರ್ಕ್ಲಿಯವರು ಆ ಹೆಸರಿಗೆ ಒಂದು ಫೈಲ್ ಡಿಸ್ಕ್ರಿಪ್ಟರ್ ಕಟ್ಟಿದರು, ಸುತ್ತ ಕೆಲವು ಹೊಸ ಕರೆಗಳನ್ನು ಕೊಟ್ಟರು.

ಆ ಕರೆಗಳು ಏನು ಮಾಡುತ್ತವೆ ಅನ್ನೋದಕ್ಕೆ ನಮ್ಮ ಉಡುಪಿ ಹೋಟೆಲ್ ನೋಡಿದರೆ ಸಾಕು. 'ಸಾಕೆಟ್' ಅಂದರೆ ಅಂಗಡಿ ಹಿಡಿದದ್ದು. 'ಬೈಂಡ್' ಅಂದರೆ ವಿಳಾಸದ ಬೋರ್ಡ್ ತಗುಲಿಸಿದ್ದು. 'ಲಿಸನ್' ಅಂದರೆ ಬಾಗಿಲು ತೆಗೆದು, ಕಾಯುವವರಿಗೆ ಒಂದು ಬೆಂಚ್ ಹಾಕಿದ್ದು. (ಆಗಿನ ಬರ್ಕ್ಲಿ ಕರ್ನಲ್‌ನಲ್ಲಿ ಆ ಬೆಂಚಿನ ಮಿತಿ 5. ಹಳೆಯ ಪುಸ್ತಕಗಳ ಉದಾಹರಣೆಗಳಲ್ಲೆಲ್ಲ ಲಿಸನ್‌ಗೆ 5 ಅಂತಲೇ ಇರುವುದು ಅದಕ್ಕೆ!) 'ಅಕ್ಸೆಪ್ಟ್' ಅಂದರೆ ಬಂದವರನ್ನು ಒಂದು ಟೇಬಲ್‌ಗೆ ಕೂರಿಸಿದ್ದು. ಇಲ್ಲೇ ಇರುವುದು ಜಾಣತನ. ಅಕ್ಸೆಪ್ಟ್ ಪ್ರತಿ ಗಿರಾಕಿಗೂ ಒಂದು ಹೊಸ ಸಾಕೆಟ್ ಕೊಡುತ್ತದೆ, ಬಾಗಿಲಲ್ಲಿ ನಿಂತ ಹಳೆಯ ಸಾಕೆಟ್ ಅಲ್ಲೇ ಇದ್ದು ಮುಂದಿನವರನ್ನು ಕಾಯುತ್ತದೆ. 'ಕನೆಕ್ಟ್' ಗಿರಾಕಿಯ ಕೆಲಸ, ಹೋಟೆಲ್ ಹುಡುಕಿಕೊಂಡು ಬರುವುದು. ಟೇಬಲ್‌ಗೆ ಕೂತ ಮೇಲೆ ಎಲ್ಲ ಹಳೆಯ ಯುನಿಕ್ಸ್ ಪದ್ಧತಿಯೇ, ರೀಡ್ ಮತ್ತು ರೈಟ್. 'ಸೆಲೆಕ್ಟ್' ಅನ್ನೋ ಕರೆಯೂ 4.2ಬಿಎಸ್‌ಡಿಯಲ್ಲೇ ಬಂತು. ಒಬ್ಬನೇ ಮಾಣಿ ಹತ್ತು ಟೇಬಲ್ ಮೇಲೆ ಕಣ್ಣಿಟ್ಟು, ಕೈ ಎತ್ತಿದವರ ಹತ್ತಿರ ಮಾತ್ರ ಹೋಗುವ ವ್ಯವಸ್ಥೆ ಅದು.

ಈಗ ಆ ಕ್ಯಾಸ್ಟ್‌ನ ವಿಷಯಕ್ಕೆ ಬರೋಣ.

ಇವತ್ತು ನಮಗೆ ಟಿಸಿಪಿ/ಐಪಿ ಗೆದ್ದ ಕಥೆ ಗೊತ್ತು. 1982ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಝೆರಾಕ್ಸ್‌ನವರದ್ದು ಒಂದು ನೆಟ್‌ವರ್ಕ್, ಎಂಐಟಿಯವರ ಕೇಯಾಸ್‌ನೆಟ್ ಇನ್ನೊಂದು, ಐಬಿಎಂನ ಎಸ್‌ಎನ್‌ಎ ಮತ್ತೊಂದು, ಡೆಕ್‌ನೆಟ್ ಮಗದೊಂದು. ಪ್ರತಿಯೊಂದರ ವಿಳಾಸದ ರೀತಿಯೂ ಬೇರೆ. ಹಣ ಕೊಟ್ಟ ಡಾರ್ಪಾಗೆ ಬೇಕಿದ್ದದ್ದು ಟಿಸಿಪಿ/ಐಪಿ. ಅದೊಂದಕ್ಕೇ ಅಳತೆ ತೆಗೆದು ಅಂಗಿ ಹೊಲಿದಿದ್ದರೆ ಯಾರೂ ಬೈಯುತ್ತಿರಲಿಲ್ಲ. ಬರ್ಕ್ಲಿಯವರು ಹಾಗೆ ಮಾಡಲಿಲ್ಲ. ವಿಳಾಸದ ಮೊದಲಲ್ಲಿ 'ಇದು ಯಾವ ಕುಟುಂಬದ ವಿಳಾಸ' ಅನ್ನೋ ಒಂದು ಸಂಖ್ಯೆ, ಉಳಿದದ್ದು ಆ ಕುಟುಂಬಕ್ಕೆ ಬಿಟ್ಟಿದ್ದು, ಮತ್ತು ಒಟ್ಟು ಎಷ್ಟು ಉದ್ದ ಅಂತ ಬೇರೆಯಾಗಿ ಹೇಳುವುದು. ಇಷ್ಟೇ ಕರಾರು. ಮೇಲೆ ಹೇಳಿದ ನೆಟ್‌ವರ್ಕ್‌ಗಳಿಗೆಲ್ಲ ಒಂದೊಂದು ಸಂಖ್ಯೆ ಕಾದಿರಿಸಿದರು. ಇಂಟರ್ನೆಟ್‌ಗೆ ಸಿಕ್ಕಿದ್ದು 2. ಲಿನಕ್ಸ್‌ನಲ್ಲಿ ಎಎಫ್_ಐನೆಟ್ ಇವತ್ತಿಗೂ 2!

'ಯಾವುದಾದರೂ ವಿಳಾಸ' ಅಂತ ಸಿ ಭಾಷೆಯಲ್ಲಿ ಹೇಳಲು ಈಗಾದರೆ ವಾಯ್ಡ್ ಪಾಯಿಂಟರ್ ಇದೆ. ಅದು ಆನ್ಸಿ ಸಿ ಪ್ರಮಾಣಿತವಾದ 1989ರ ಕಾಲಕ್ಕೆ ಗಟ್ಟಿಯಾದದ್ದು. ಬರ್ಕ್ಲಿಯವರ ಕಂಪೈಲರ್‌ನಲ್ಲಿ ಇರಲಿಲ್ಲ. ಹಾಗಾಗಿ 2 ಬೈಟ್ ಕುಟುಂಬ, 14 ಬೈಟ್ ಖಾಲಿ ಜಾಗ ಇರುವ ಒಂದು ಡಮ್ಮಿ ಸ್ಟ್ರಕ್ಚರ್ ಮಾಡಿ, ಎಲ್ಲರೂ ಅದರ ವೇಷ ಹಾಕಿಕೊಂಡು ಒಳಗೆ ಬನ್ನಿ ಅಂದರು. ಆ ವೇಷವೇ ನಮ್ಮ ಕ್ಯಾಸ್ಟ್. ಸಾಕ್‌ಆಡ್ರ್_ಇನ್‌ನ ಬಾಲದಲ್ಲಿ ಕೆಲಸಕ್ಕೆ ಬಾರದ 8 ಸೊನ್ನೆಗಳಿವೆಯಲ್ಲ, ಅವು ಈ 16 ಬೈಟ್ ಅಳತೆಗೆ ಸರಿಹೊಂದಿಸಲು ತುಂಬಿದ ಹತ್ತಿ.

ಸಾಕೆಟ್‌ಗೆ ಎದುರಾಳಿಗಳು ಇರಲಿಲ್ಲ ಅಂತಲ್ಲ. ಎಟಿ&ಟಿ 1986ರಲ್ಲಿ ಸಿಸ್ಟಮ್ ಫೈವ್ ರಿಲೀಸ್ 3ರ ಜೊತೆ ಟಿಎಲ್‌ಐ ಅನ್ನೋ ತನ್ನದೇ ಇಂಟರ್‌ಫೇಸ್ ತಂದಿತು. ಯುನಿಕ್ಸ್‌ನ ಮೂಲ ಮನೆಯವರೂ ಸಾಕೆಟ್ ಒಪ್ಪಲಿಲ್ಲ. ಬೆಲ್ ಲ್ಯಾಬ್ಸ್‌ನ ಪ್ಲಾನ್ 9ರಲ್ಲಿ ನೆಟ್‌ವರ್ಕ್ ಸಂಪರ್ಕವೂ ಒಂದು ಡೈರೆಕ್ಟರಿಯೊಳಗಿನ ಫೈಲ್. ನೋಡಲು ಅದೇ ಸುಂದರ, ನಿಜ ಹೇಳಬೇಕೆಂದರೆ. ಆದರೆ ಅಷ್ಟರಲ್ಲಿ ಬರ್ಕ್ಲಿಯ ಕೋಡ್ ಊರೆಲ್ಲ ಹಬ್ಬಿತ್ತು. 1989ರಲ್ಲಿ ಅವರು ನೆಟ್‌ವರ್ಕ್ ಭಾಗವನ್ನು ಎಟಿ&ಟಿ ಲೈಸೆನ್ಸ್ ಬೇಕಿಲ್ಲದಂತೆ ಬೇರ್ಪಡಿಸಿ, ಯಾರು ಬೇಕಾದರೂ ಬಳಸಿ ಅಂತ ಬಿಟ್ಟರು. 1990ರಲ್ಲಿ ಡಬ್ಲ್ಯೂ. ರಿಚರ್ಡ್ ಸ್ಟೀವನ್ಸ್ ಬರೆದ 'ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್' ಪುಸ್ತಕ ಒಂದು ತಲೆಮಾರಿಗೇ ಪಾಠ ಹೇಳಿತು. 1993ರ ಜನವರಿಯಲ್ಲಿ ವಿನ್‌ಸಾಕ್ 1.1 ಬಂದು ವಿಂಡೋಸ್ ಕೂಡ ಇದೇ ದಾರಿ ಹಿಡಿಯಿತು. ನಮ್ಮ ವಿಟಿಯು ನೆಟ್‌ವರ್ಕ್ ಲ್ಯಾಬಿನಲ್ಲೂ ಕ್ಲೈಂಟ್ ಫೈಲ್ ಹೆಸರು ಕಳಿಸುವ, ಸರ್ವರ್ ಅದರ ಒಳಗಿರುವುದನ್ನು ಕಳಿಸುವ ಪ್ರೋಗ್ರಾಂ ನೆನಪಿದೆ ತಾನೆ? ಅದು ಇದೇ ವಂಶದ್ದು.

ನಿಜವಾದ ಪರೀಕ್ಷೆ ಬಂದದ್ದು ಐಪಿವಿ6 ಜೊತೆ. ಐಪಿವಿ4ರ ವಿಳಾಸ 4 ಬೈಟ್, ಹೊಸದರದ್ದು 16 ಬೈಟ್. ಬರ್ಕ್ಲಿಯವರ 14 ಬೈಟ್ ಖಾಲಿ ಜಾಗದಲ್ಲಿ ಅದು ಹಿಡಿಸುವುದೇ ಇಲ್ಲ. ಆದರೂ ಬೈಂಡ್, ಕನೆಕ್ಟ್, ಅಕ್ಸೆಪ್ಟ್ ಯಾವುದೂ ಬದಲಾಗಲಿಲ್ಲ! ಹೊಸ ಕುಟುಂಬಕ್ಕೊಂದು ಸಂಖ್ಯೆ, ಹೊಸ ಉದ್ದ, ಅಷ್ಟೇ. ಒದ್ದಾಡಿದ್ದು ಯಾರು ಅಂದರೆ ವಿಳಾಸ ಅಂದರೆ 4 ಬೈಟ್ ಅಂತ ತಮ್ಮ ಪ್ರೋಗ್ರಾಂನಲ್ಲಿ ಒಂದು ಇಂಟೀಜರ್‌ಗೆ ತುರುಕಿದವರು. ಹೆಸರಿನಿಂದ ವಿಳಾಸ ಹುಡುಕುವ 'ಗೆಟ್‌ಹೋಸ್ಟ್‌ಬೈನೇಮ್' ಕೂಡ ಸೋತು, ಜಾಗವನ್ನು 'ಗೆಟ್‌ಆಡ್ರ್‌ಇನ್ಫೋ'ಗೆ ಬಿಟ್ಟುಕೊಟ್ಟಿತು.

ಇದನ್ನು ಓದುವಾಗ ನನಗೆ ನಮ್ಮ ಭಾಷೆಯ ಕಥೆಯೇ ನೆನಪಾಗುತ್ತದೆ. 1982ರಲ್ಲೇ ಬಂದ ಈಮೇಲ್ ನಿಯಮ, ಎಸ್‌ಎಂಟಿಪಿ, ಅಕ್ಷರ ಅಂದರೆ 7 ಬಿಟ್ ಆಸ್ಕಿ ಅಂತ ತೀರ್ಮಾನ ಮಾಡಿತ್ತು. ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, 7 ಬಿಟ್‌ನ ಬಾಗಿಲಲ್ಲಿ ಅದು ಹಿಡಿಸದು. ಆಮೇಲೆ ಕನ್ನಡದ ಪತ್ರ ಆ ದಾರಿಯಲ್ಲಿ ಹೋಗಲು ಇಂಗ್ಲಿಷ್ ಅಕ್ಷರಗಳ ವೇಷ ಹಾಕಿ, ಆಚೆ ಕಡೆ ವೇಷ ಕಳಚಬೇಕಾಯಿತು. ಅದೇ ಕಾಲದ ಟಿಸಿಪಿ ಸಾಕೆಟ್‌ನ ರೈಟ್ ಕರೆ ಕೇಳುವುದು ಎಷ್ಟು ಬೈಟ್ ಅಂತ ಮಾತ್ರ, ಯಾವ ಭಾಷೆ ಅಂತ ಕೇಳುವುದಿಲ್ಲ. ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು ಬಂದ ಕರೆಯಲ್ಲಿ ಕನ್ನಡ ಇವತ್ತು ಒಂದು ಬಿಟ್ ಕೂಡ ಬದಲಾಗದೆ ಹರಿಯುತ್ತದೆ.

ಬಿಲ್ ಜಾಯ್, ಲೆಫ್ಲರ್ ಕನ್ನಡದ ಬಗ್ಗೆ ಯೋಚಿಸಿ ಮಾಡಿದ್ದಲ್ಲ, ಗೊತ್ತು. ಯಾವ ನೆಟ್‌ವರ್ಕ್ ಗೆಲ್ಲುತ್ತದೆ, ಅದರೊಳಗೆ ಏನು ಹರಿಯುತ್ತದೆ ಅಂತ ತಮಗೆ ಗೊತ್ತಿಲ್ಲದ್ದನ್ನು ಅವರು ಕೋಡ್‌ನಲ್ಲಿ ಗೊತ್ತಿದೆ ಅಂತ ಬರೆಯಲಿಲ್ಲ, ಅಷ್ಟೇ. ಅದಕ್ಕೆ ಬೆಲೆ ಆ ಕುರೂಪಿ ಕ್ಯಾಸ್ಟ್. ಅಗ್ಗವೇ ಆಯಿತು ಅನ್ನಿಸುತ್ತದೆ ನನಗೆ.

ನೀವು ದಿನಾ ಬಳಸುವ ಕೋಡ್‌ನಲ್ಲಿ ಇಂಥ "ಹಾಗೇ ಬರೀಬೇಕು" ಸಾಲುಗಳಿದ್ದರೆ ಅವುಗಳ ಕಥೆಯನ್ನೂ ಬರೆಯಿರಿ, ಓದಲು ಕಾದಿದ್ದೇನೆ.