ಬಂತಂತೆ

ಕನ್ನಡದಲ್ಲಿ ‘ಬರು’ ಅನ್ನುವ ಧಾತು ಮಾಡುವಷ್ಟು ಕೆಲಸವನ್ನು ಇನ್ನೊಂದು ಮಾಡುತ್ತಿರಲಾರದು. ಮಳೆ ಬರುತ್ತೆ, ನಿದ್ದೆ ಬರುತ್ತೆ, ಸಿಟ್ಟು ಬರುತ್ತೆ, ಈಜು ಬರುತ್ತೆ, ಜಾತ್ರೆಯಲ್ಲಿ ಮೈಮೇಲೆ ದೇವರು ಬರುತ್ತೆ. ಆದರೆ ನಮ್ಮ ಹಳೇಬೀಡಿನ ಕಡೆ ಯಾರಾದರೂ ದನಿ ತಗ್ಗಿಸಿ, ಏನು ಎಂದು ಹೇಳದೆ, ಬರೀ ‘ಅವಳಿಗೆ ಬರುತ್ತೆ ಕಣ್ರೀ’ ಅಂದರೆ ಅದಕ್ಕೆ ಒಂದೇ ಅರ್ಥ. ‘ಏನು ಬರುತ್ತೆ?’ ಎಂದು ಯಾರೂ ತಿರುಗಿ ಕೇಳುವುದಿಲ್ಲ.

ಹೆಸರಿಗೇನೂ ಬರವಿಲ್ಲ. ಮೂರ್ಛೆ ರೋಗ, ಮಲರೋಗ, ಅಪಸ್ಮಾರ, ಎಲ್ಲರ ಬಾಯಲ್ಲೂ ಓಡಾಡುವ ಫಿಟ್ಸ್. ಇಷ್ಟಿದ್ದರೂ ಮನೆಯೊಳಗೆ ಹೆಸರು ಹಿಡಿದು ಹೇಳುವವರು ಕಡಿಮೆ. ಹೆಸರು ಹೇಳಿದರೆ ಅದು ಮನೆಯಲ್ಲೇ ಉಳಿದುಬಿಡುತ್ತದೆ, ಬರೀ ‘ಬಂತು’ ಅಂದರೆ ಬಂದದ್ದು ಹೋಗುತ್ತದೆ ಎಂಬ ಆಸೆ ಇದ್ದೀತು.

ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಈ ಮಾತಿನ ಇನ್ನೊಂದು ರೂಪ. ಬಸ್ತಿಹಳ್ಳಿಯಲ್ಲಿರುವ ನನ್ನ ಅತ್ತೆ ಮಗಳಿಗೆ 11ನೇ ವಯಸ್ಸಿನಿಂದ ಈ ಕಾಯಿಲೆ. ಈಗ ಮೂವತ್ತು ದಾಟಿದ್ದಾಳೆ. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ‘ನಂಗೆ ಬಂತು’ ಎಂಬ ಮಾತು ನಾನು ಕೇಳಿರಲಿಲ್ಲ. ಅವಳು ಹೇಳುವುದು ‘ಬಂತಂತೆ’. ‘ಸಂತೇಲಿ ಬಂತಂತೆ.’ ‘ರಾತ್ರಿ ಎರಡು ಸಲ ಬಂತಂತೆ, ಅವ್ವ ಹೇಳ್ತು.’

‘ಅಂತೆ’ ನಾವು ಕಣ್ಣಾರೆ ಕಾಣದ್ದಕ್ಕೆ ಹಚ್ಚುವ ಗುರುತು. ಬೇಲೂರಲ್ಲಿ ಜೋರು ಮಳೆಯಂತೆ, ಶುಂಠಿ ರೇಟು ಬಿತ್ತಂತೆ. ನಮ್ಮ ಬಗ್ಗೆ ನಾವೇ ಅದನ್ನು ಬಳಸುವ ಸಂದರ್ಭಗಳು ಅಪರೂಪ. ನಾನು ಹುಟ್ಟಿದ ದಿನ ಊರಿಗೆ ಬಸ್ಸೇ ಬರಲಿಲ್ಲವಂತೆ, ನಿದ್ದೆಯಲ್ಲಿ ಮಾತಾಡಿದೆನಂತೆ. ಇವೆಲ್ಲ ನಕ್ಕು ಹೇಳಿಕೊಳ್ಳುವ ಸಂಗತಿಗಳು. ಜ್ವರ ಬಂದವರು ‘ಜ್ವರ ಬಂತಂತೆ’ ಅನ್ನುವುದಿಲ್ಲ, ಹಲ್ಲುನೋವನ್ನು ಯಾರೂ ಬೇರೆಯವರಿಂದ ಕೇಳಿ ತಿಳಿಯುವುದಿಲ್ಲ. ಅವಳಿಗೆ ಮಾತ್ರ ತನ್ನ ಕೈಕಾಲು ಸೆಟೆದದ್ದು, ಬಾಯಲ್ಲಿ ನೊರೆ ಬಂದದ್ದು, ಸೀರೆ ಒದ್ದೆಯಾದದ್ದು ಎಲ್ಲವೂ ಪರರ ಬಾಯಿಂದಲೇ ಗೊತ್ತಾಗಬೇಕು. ತನ್ನ ಮೈಯಲ್ಲಿ ನಡೆದದ್ದಕ್ಕೆ ಅವಳು ಸಾಕ್ಷಿಯಲ್ಲ. ನೋಡಿದವರು ಇಡೀ ಊರು, ನೋಡದವಳು ಅವಳೊಬ್ಬಳೇ. ಈ ಕಾಯಿಲೆಯ ನಾಚಿಕೆ ಹುಟ್ಟುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ.

ಬೆಳಿಗ್ಗೆ ಏಳುತ್ತಾಳೆ. ನಾಲಿಗೆಯ ಅಂಚು ಉರಿಯುತ್ತದೆ, ತೊಡೆ ಹೊಡೆಸಿಕೊಂಡಂತೆ ನೋಯುತ್ತದೆ, ದಿಂಬಿನ ಬಟ್ಟೆ ಬದಲಾಗಿದೆ. ಅತ್ತೆ ಒಲೆಯ ಮುಂದಿನಿಂದ ತಿರುಗದೆ ಕಾಫಿ ಲೋಟ ಪಕ್ಕಕ್ಕಿಡುತ್ತಾಳೆ. ‘ಅವ್ವಾ, ರಾತ್ರಿ ಬಂತಾ?’ ‘ಇಲ್ಲ ಕಣೆ, ಆರೋಗುತ್ತೆ ಕುಡಿ.’ ದಿಂಬು ಬದಲಾದದ್ದು ಯಾಕೆಂದು ಅವಳು ಕೇಳುವುದಿಲ್ಲ. ಮಗಳು ನೊಂದುಕೊಂಡಾಳೆಂದು ಅತ್ತೆ ಮುಚ್ಚಿಟ್ಟ ರಾತ್ರಿಗಳು ಎಷ್ಟೋ. ಒಮ್ಮೆ ಅವಳು ನನ್ನ ಹತ್ತಿರ ಹೇಳಿದಳು: ‘ಬರೋದು ಬರುತ್ತೆ, ಬಿಡು. ಬಂದೇ ಇಲ್ಲ ಅಂತ ಹೇಳ್ತಾರಲ್ಲ, ಅವಾಗ ಅಳು ಬರುತ್ತೆ.’ ಅತ್ತೆಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಮಗಳಿಗೆ ತಿಳಿಯಲು ಇದ್ದ ಒಂದೇ ದಾರಿ ಆ ‘ಅಂತೆ’. ಅದನ್ನೂ ಮುಚ್ಚುವುದು ತಪ್ಪು. ತಿಂಗಳಿಗೆ ಎಷ್ಟು ಸಲ ಬಂತು ಎಂಬ ಲೆಕ್ಕ ನೋಡಿಯೇ ವೈದ್ಯರು ಮಾತ್ರೆ ಹೆಚ್ಚು ಕಡಿಮೆ ಮಾಡುವುದು.

ಹಳೆಯ ಪದಗಳಲ್ಲಿ ಇಷ್ಟು ಸಂಕೋಚ ಇರಲಿಲ್ಲ. ರಾಮಾಯಣದಲ್ಲಿ ಲಕ್ಷ್ಮಣ ಮೂರ್ಛೆ ಹೋಗುತ್ತಾನೆ. ಯಾರೂ ದೂರ ಸರಿಯುವುದಿಲ್ಲ, ಅಣ್ಣ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾನೆ, ಹನುಮಂತ ಬೆಟ್ಟವನ್ನೇ ಹೊತ್ತು ತರುತ್ತಾನೆ. ಅದೇ ಮೂರ್ಛೆಗೆ ‘ರೋಗ’ ಅಂಟಿದ ಮೇಲೆ ಮನೆಯವರು ಬಾಗಿಲು ಹಾಕುತ್ತಾರೆ. ಅಪಸ್ಮಾರದ್ದು ಬೇರೆ ಕಥೆ. ಅರಿವು, ನೆನಪು ತಪ್ಪುವುದು ಎಂಬುದು ಅದರ ಅರ್ಥ. ಚರಕ ಸಂಹಿತೆಯ ಕಾಲಕ್ಕೇ ವೈದ್ಯರ ಪದ ಅದು. ಅವಳು ಅನುಭವಿಸುವುದಕ್ಕೆ ಇದಕ್ಕಿಂತ ಹತ್ತಿರದ ಪದ ಇಲ್ಲ. ಆದರೆ ಚೋಳರ ಕಂಚಿನ ನಟರಾಜನ ಕಾಲಡಿ ಮಲಗಿರುವ ಕುಳ್ಳನಿಗೂ ಅಪಸ್ಮಾರ ಎಂದೇ ಹೆಸರು. ಅಲ್ಲಿ ಅದು ಅಜ್ಞಾನ, ತುಳಿಯಬೇಕಾದದ್ದು. ನಮ್ಮೂರ ಹೊಯ್ಸಳೇಶ್ವರದ ಗೋಡೆಯಲ್ಲಿ ಶಿವ ಗಜಾಸುರನ ತೊಗಲೊಳಗೆ ಕುಣಿಯುತ್ತಾನೆ. ಕಾಲಡಿ ಅಪಸ್ಮಾರನಿಲ್ಲದ ಅವನನ್ನು ನೋಡುವಾಗೆಲ್ಲ ನನಗೆ ಒಂದು ಬಗೆಯ ಸಮಾಧಾನವಾಗುತ್ತದೆ.

ದೇವರು ಮೈಮೇಲೆ ಬಂದವರಿಗೂ ಅದು ಕಳೆದ ಮೇಲೆ ‘ಬಂತಂತೆ’ಯೇ. ತಾವು ಏನು ನುಡಿದೆವೆಂದು ಅವರೂ ಬೇರೆಯವರನ್ನು ಕೇಳಿಯೇ ತಿಳಿಯುತ್ತಾರೆ. ಆದರೆ ಅವರಿಗೆ ಬೇವಿನ ಸೊಪ್ಪು, ಅರಿಶಿನ ಕುಂಕುಮ ಸಿಗುತ್ತದೆ, ಜನ ಕೈ ಮುಗಿಯುತ್ತಾರೆ. ಇವಳಿಗೆ ಸಿಗುವುದು ಕಬ್ಬಿಣ. ಬಿದ್ದ ಕೂಡಲೇ ಯಾರೋ ಬೀಗದ ಕೈ ಗೊಂಚಲನ್ನು ಅಂಗೈಗೆ ಒತ್ತುತ್ತಾರೆ, ಇನ್ನೊಬ್ಬರು ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಮತ್ತೊಬ್ಬರು ಹಲ್ಲಿನ ನಡುವೆ ಚಮಚ ತೂರಿಸುತ್ತಾರೆ. ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೆ ಅದು ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಬೀಗದ ಕೈಗೆ ಹೋಗುತ್ತದೆ. ಅವಳ ಮುಂದಿನ ಹಲ್ಲಿನ ಮೂಲೆ ಮುರಿದಿರುವುದು ಚಮಚದಿಂದ. ಅದೂ ಅವಳಿಗೆ ‘ಮುರೀತಂತೆ’.

ಎಲ್ಲರಿಗೂ ಹೀಗೆ ಪೂರಾ ಕತ್ತಲೆಯಲ್ಲ. ಕೆಲವರಿಗೆ ಮೊದಲೇ ಸುಳಿವು ಸಿಗುತ್ತದೆ, ಹೊಟ್ಟೆಯಿಂದ ಏನೋ ಮೇಲೇರಿದಂತೆ, ಇಲ್ಲದ ವಾಸನೆ ಬಂದಂತೆ. ಕೆಲವರಿಗೆ ಒಂದು ಕೈ ಮಾತ್ರ ಅದುರುತ್ತದೆ, ಅರಿವು ತಪ್ಪುವುದಿಲ್ಲ. ನಮ್ಮ ರಾಜ್ಯದಲ್ಲೇ ಹೆಚ್ಚಾಗಿ ವರದಿಯಾಗಿರುವ ಒಂದು ಬಗೆಯಿದೆ: ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಅಪಸ್ಮಾರ. ಡಾ. ಕೆ.ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದರು, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ನೂರಾರು ಜನರನ್ನು ಪರೀಕ್ಷಿಸಿ ವಿವರವಾಗಿ ದಾಖಲಿಸಿದರು. ಹಂಡೆ ತುಂಬ ಕಾದ ನೀರು, ಚೊಂಬಿನ ಮೇಲೆ ಚೊಂಬು ನೆತ್ತಿಗೆ. ನಮ್ಮ ಅಭ್ಯಂಜನದ ಕ್ರಮವೇ ಇದು. ಇವರಲ್ಲಿ ಕೆಲವರಿಗೆ ಬರುವ ಮುಂಚೆ ಹಿತವೆನಿಸಿ, ನಿಲ್ಲಿಸಲಾರದೆ ಮತ್ತೆ ಮತ್ತೆ ನೀರು ಹುಯ್ದುಕೊಳ್ಳುತ್ತಾರೆ. ಅವರ ಮಟ್ಟಿಗೆ ಅರ್ಧ ‘ಬಂತು’, ಅರ್ಧ ‘ಬಂತಂತೆ’. ನೀರಿನ ಬಿಸಿ ತಗ್ಗಿಸಿದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ, ಉಳಿದವರಿಗೆ ವೈದ್ಯರು ಸ್ನಾನಕ್ಕೆ ಮುಂಚೆ ನುಂಗಲು ಮಾತ್ರೆ ಬರೆದುಕೊಡುತ್ತಾರೆ.

ಹಾಸನದ ನರರೋಗ ವೈದ್ಯರು ಮೊದಲ ದಿನ ಅವಳಿಗಿಂತ ಮುಂಚೆ ಅತ್ತೆಯನ್ನು ಕೇಳಿದರು: ‘ನೋಡಿದವರು ಯಾರು ಬಂದಿದ್ದೀರಿ?’ ಮಿದುಳಿನ ವಿದ್ಯುತ್ತಿನ ಗೆರೆ ಬರೆಯುವ ಇಇಜಿ, ಬಾರದಿರುವ ಹೊತ್ತಿನಲ್ಲಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ನೋಡಿದವರ ಮಾತೇ ದೊಡ್ಡ ಆಧಾರ. ಮುಂದಿನ ಸಲ ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ ಎಂದರು. ಅವಳ ತಮ್ಮ ವಿಡಿಯೊ ತೆಗೆದ. ವೈದ್ಯರು ನೋಡಿ ಫೋನ್ ಕೆಳಗಿಟ್ಟ ಮೇಲೆ ಅವಳು ಅದನ್ನು ಎತ್ತಿಕೊಂಡಳು. ಅಷ್ಟು ವರ್ಷದಲ್ಲಿ ಮೊದಲ ಬಾರಿ. ಪೂರ್ತಿ ನೋಡಿದಳು, ಇನ್ನೊಮ್ಮೆ ಹಾಕಿ ನೋಡಿದಳು. ನಾವು ಅವಳು ಅಳುತ್ತಾಳೆ ಅಂದುಕೊಂಡೆವು. ಅವಳು ಕೇಳಿದ್ದು ಇಷ್ಟೇ: ‘ಇಷ್ಟೇ ಹೊತ್ತಾ?’ ಅವಳ ಮನಸ್ಸಿನಲ್ಲಿ ಅದು ಗಂಟೆಗಟ್ಟಲೆ ನಡೆಯುವ ಸಂಗತಿಯಾಗಿತ್ತು; ಎಲ್ಲರೂ ಹೇಳಿದ್ದನ್ನೆಲ್ಲ ಸೇರಿಸಿ ತಾನೇ ಒಂದು ಭಯಂಕರ ಚಿತ್ರ ಕಟ್ಟಿಕೊಂಡಿದ್ದಳು.

ಅದಕ್ಕಿಂತ ಮೊದಲು ಎರಡು ಸಂಬಂಧ ತಪ್ಪಿದ್ದವು. ಒಂದಕ್ಕೆ ಹೇಳಿ ತಪ್ಪಿತು, ಇನ್ನೊಂದಕ್ಕೆ ಹೇಳದೆ, ಯಾರೋ ‘ಅವಳಿಗೆ ಬರುತ್ತಂತೆ’ ಎಂದು ಹೇಳಿ ತಪ್ಪಿತು. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದಾಗ ಪದೇ ಪದೇ ಕೆರಳುವ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವನ್ನೂ ಸೇರಿಸಿದ್ದರು. ಆ ಕಾರಣಕ್ಕೆ ಮದುವೆ ರದ್ದು ಮಾಡಿಸಲು ಕೋರ್ಟಿಗೆ ಹೋಗಬಹುದಿತ್ತು. 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಿದರು. ಕಾಯ್ದೆಯಿಂದ ತೆಗೆದದ್ದು ನಮ್ಮ ಜಗಲಿಗಳಿಗೆ ಇನ್ನೂ ತಲುಪಿಲ್ಲ.

ಔಷಧದ ವಿಷಯವೂ ಹಾಗೇ. ಡಾ. ಮಣಿ ಅವರ ತಂಡ ಯಳಂದೂರಿನಲ್ಲಿ ಫೀನೊಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಜನರ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿತು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಸರಿಯಾಗಿ ಔಷಧ ಸಿಕ್ಕರೆ ಹತ್ತರಲ್ಲಿ ಏಳು ಜನಕ್ಕೆ ಬರುವುದೇ ನಿಲ್ಲಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವಳಿಗೆ ಪೂರಾ ನಿಂತಿಲ್ಲ, ತುಂಬಾ ಕಡಿಮೆಯಾಗಿದೆ. ಈಗಲೂ ದ್ವಾರಸಮುದ್ರದ ಕೆರೆ ಏರಿ ಮೇಲೆ ಒಬ್ಬಳೇ ಹೋಗುವುದಿಲ್ಲ. ಮಾತ್ರೆ ತಪ್ಪಿಸಿದರೆ, ನಿದ್ದೆಗೆಟ್ಟರೆ ಬರುತ್ತದೆಂದು ಅವಳಿಗೆ ಗೊತ್ತು.

ಕಳೆದ ವರ್ಷ ಹೊಲಿಗೆ ತರಬೇತಿಗೆ ಸೇರಿದಳು. ಮೊದಲ ದಿನವೇ, ಪಕ್ಕದ ಮೆಷಿನ್ನಿನಲ್ಲಿದ್ದ ಹೆಂಗಸಿಗೆ ಬಾಬಿನ್ ತುಂಬಿಕೊಡುತ್ತಾ ಹೇಳಿದಳಂತೆ: ‘ಅಕ್ಕ, ನಂಗೆ ಫಿಟ್ಸ್ ಬರುತ್ತೆ. ಬಂದ್ರೆ ಕತ್ತರಿ ಆಚೆ ಸರಿಸಿ, ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ಇಡಬೇಡಿ, ಕೈಕಾಲು ಹಿಡೀಬೇಡಿ. ಗಡಿಯಾರ ನೋಡ್ಕೊಳ್ಳಿ.’

‘ಎಷ್ಟೊತ್ತು ನೋಡ್ಲವ್ವಾ?’

‘ಐದು ನಿಮಿಷ. ದಾಟಿದ್ರೆ 108ಕ್ಕೆ ಫೋನ್ ಮಾಡಿ. ಆಮೇಲೆ ಏನಾಯ್ತು ಅಂತ ನಂಗೆ ಪೂರ್ತಿ ಹೇಳಿ.’