ಮಲೆನಾಡಿನಲ್ಲಿ ದ್ರವ್ಯಬಲವೂ ಪ್ರಜಾಪ್ರಾತಿನಿಧ್ಯವೂ

ವಶೀಲಿ ಎಂಬ ಮಾತು ಕನ್ನಡಕ್ಕೆ ಅರಬ್ಬೀ ಪಾರಸೀ ಮೂಲದಿಂದ ಬಂದುದು. ಉಪಾಯ, ಸಾಧನ, ನಡುವಣ ಆಧಾರ ಎಂಬುದೇ ಅದರ ಮೂಲಾರ್ಥ. ಅದರಲ್ಲಿ ದೋಷದ ಸೋಂಕಿಲ್ಲ. ಕಚೇರಿಯ ಬಾಗಿಲಲ್ಲಿ ಬಹುಕಾಲ ಕಾದು ನಿಂತವರ ಬಾಯಲ್ಲಿ ಅದಕ್ಕೆ ಈಗಿನ ಅರ್ಥವು ಒದಗಿತು. ಸಂಸ್ಕೃತದ ಉತ್ಕೋಚ ಶಬ್ದವು ನೇರವಾಗಿ ಲಂಚವನ್ನೇ ಹೇಳುತ್ತದೆ. ವಶೀಲಿಯಲ್ಲಾದರೋ ಲಂಚವು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಕೊಪ್ಪ, ಶೃಂಗೇರಿ ಮತ್ತು ಹಿಂದೆ ಎಡೇಹಳ್ಳಿಯೆನಿಸಿಕೊಂಡಿದ್ದ ನರಸಿಂಹರಾಜಪುರ, ಈ ಸೀಮೆಯ ರಾಜಕೀಯ ಚರಿತ್ರೆಯನ್ನು ನೋಡುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೈಸೂರು ಸೀಮೆಯ ಕಾಫಿಯ ಆದಾಯವು ಮೊದಲು ಮದರಾಸಿನ ಪ್ಯಾರಿ ಕಂಪೆನಿಯವರಿಗೆ ಗುತ್ತಿಗೆಯಾಗಿದ್ದಿತು. ಆ ಗುತ್ತಿಗೆ ಮುಗಿದಮೇಲೆ ಸರ್ಕಾರದವರು ಬೆಳೆಯ ಅರ್ಧಪಾಲನ್ನು ಬಿಟ್ಟು, ಮಣವೊಂದಕ್ಕೆ ಒಂದು ರೂಪಾಯಿಯ ಸುಂಕವನ್ನು ವಿಧಿಸಿದರು. ಅದು 1843ರಲ್ಲಿ ಎಂಟಾಣೆಗೂ 1849ರಲ್ಲಿ ನಾಲ್ಕಾಣೆಗೂ ಇಳಿಯಿತು. 1885ರಲ್ಲಿ ಸುಂಕವೇ ರದ್ದಾಗಿ ಎಕರೆಯ ಮೇಲಿನ ಕಂದಾಯವು ಅದರ ಸ್ಥಾನಕ್ಕೆ ಬಂದಿತು. ಬೇಸಾಯವು ಹೆಚ್ಚಬೇಕೆಂಬ ಸದುದ್ದೇಶವು ಇದರಲ್ಲಿ ಇಲ್ಲದಿರಲಿಲ್ಲ. ಆದರೆ ಆ ಕಾಲದಲ್ಲಿ ಕಾಫಿಯ ತೋಟಗಳು ಯೂರೋಪಿಯನ್ ದೊರೆಗಳ ಕೈಗೆ ಹೆಚ್ಚುಹೆಚ್ಚಾಗಿ ಬರುತ್ತಿದ್ದುವು. ಅವರ ಅರ್ಜಿಯು ಕಚೇರಿಯ ಭಾಷೆಯಲ್ಲಿಯೇ ಹುಟ್ಟುತ್ತಿದ್ದಿತು. ಗದ್ದೆಯ ಒಕ್ಕಲಿನ ಅರ್ಜಿಗೆ ಬರೆಯುವವನೊಬ್ಬನು ಬೇಕು, ಓದಿಸುವವನೊಬ್ಬನು ಬೇಕು.

ಕೂಲಿಯವನಿಗೆ ಅಷ್ಟೂ ಇರಲಿಲ್ಲ. 1859ರ ಹದಿಮೂರನೆಯ ಕಾಯಿದೆಯು ಕಲ್ಕತ್ತೆಯ ವರ್ತಕರ ಸಂಘವೊಂದರ ಅರ್ಜಿಯ ಮೇಲೆ ಹುಟ್ಟಿದುದು. ಮುಂಗಡ ಹಣವನ್ನು ಪಡೆದು ಕೆಲಸವನ್ನು ಬಿಟ್ಟುಹೋದವನನ್ನು ಅದು ಸಿವಿಲ್ ಸಾಲಗಾರನಂತೆ ಕಾಣದೆ ಅಪರಾಧಿಯಂತೆ ಕಂಡಿತು. ಪಟ್ಟಣದ ಕುಶಲಕರ್ಮಿಗಳಿಗಾಗಿ ಬೇಡಲ್ಪಟ್ಟ ಕಾನೂನು ತೋಟಗಳವರೆಗೂ ಹಬ್ಬಿತು. ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಮುಂಗಡವನ್ನು ಕಟ್ಟಿಕೊಂಡು ಮೇಲೆ ಹತ್ತಿಬಂದವರ ಬೆನ್ನಿಗೂ ಅದು ಬಿದ್ದಿತು. ಬ್ರಿಟಿಷ್ ಇಂಡಿಯಾದಲ್ಲಿ ಅದನ್ನು ತೆಗೆದುಹಾಕುವ ನಿರ್ಧಾರವಾದುದು 1925ರಲ್ಲಿ. ಹಣವುಳ್ಳವರ ಒಂದು ಅರ್ಜಿಯು ಅರುವತ್ತಾರು ವರ್ಷ ಬಾಳಿದ ಬಗೆಯಿದು.

1881ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿಸಭೆಯನ್ನು ಸ್ಥಾಪಿಸಿದರು. ಆ ವರ್ಷದ ದಸರೆಯಲ್ಲಿ, ಅಕ್ಟೋಬರ್ 7ರಂದು, 144 ಮಂದಿ ಮೈಸೂರಿನಲ್ಲಿ ಸೇರಿದರು. ಪ್ರಜೆಗಳು ತಮ್ಮ ಕುಂದುಕೊರತೆಗಳನ್ನು ಸರ್ಕಾರದ ಎದುರಿಗೆ ಬಾಯಿಬಿಟ್ಟು ಹೇಳಿಕೊಳ್ಳಲು ದೊರೆತ ಮೊದಲನೆಯ ವೇದಿಕೆಯೆಂದು ಅದಕ್ಕೆ ಸಲ್ಲತಕ್ಕ ಗೌರವವು ಸಲ್ಲಲೇಬೇಕು. ಆದರೂ ಕರೆಯಿಸಿಕೊಂಡವರು ಭೂಸ್ವಾಮಿಗಳು ಮತ್ತು ವರ್ತಕರು. 1891ರಿಂದ ಚುನಾವಣೆಯು ಬಂದಾಗಲೂ ಮತಾಧಿಕಾರವು ಮುಖ್ಯವಾಗಿ ಆಸ್ತಿಯನ್ನೂ ತೆರಿಗೆಯನ್ನೂ ಅವಲಂಬಿಸಿದ್ದಿತು. ಮಂಜರಾಬಾದಿನ ಕಾಫಿ ಬೆಳೆಗಾರ ಆರ್. ಎಚ್. ಎಲಿಯಟ್ ದೊರೆಯು ಈ ಸಭೆಯ ಸದಸ್ಯನಾಗಿದ್ದು, 1894ರ ತನ್ನ ಗ್ರಂಥದಲ್ಲಿ ಅದರ ವಿಷಯವನ್ನು ಆದರದಿಂದ ಬರೆದನು. ಆದರವು ಸಹಜವೇ, ಅವನ ಮಾತು ಅಲ್ಲಿ ಕೇಳಿಬರುತ್ತಿದ್ದಿತು. ಮುಂದೆ 1923ರ ಸುಧಾರಣೆಯಿಂದ ಸಭೆಗೆ ಶಾಸನಬದ್ಧವಾದ ಸ್ಥಾನವು ದೊರೆಯಿತು. 1949ರಲ್ಲಿ ಅದು ವಿಸರ್ಜಿತವಾಯಿತು. ತರುವಾಯ ಬಂದ ವಯಸ್ಕಮತದಾನವು ಕೂಲಿಯ ಮತವನ್ನೂ ದೊರೆಯ ಮತವನ್ನೂ ಎಣಿಕೆಯಲ್ಲಿ ಸಮವಾಗಿಸಿತು.

ಎಣಿಕೆಯಲ್ಲಿ ಮಾತ್ರ ಎಂದು ಹೇಳಬೇಕಾಗುತ್ತದೆ. 1961ರ ಭೂಸುಧಾರಣಾ ಕಾಯಿದೆಯಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ತೋಟಗಳು ಭೂಮಿತಿಯಿಂದ ಹೊರಗುಳಿದುವು. 1974ರಲ್ಲಿ ಗೇಣಿಯೇ ಅಳಿದು ಉಳುವವನು ಒಡೆಯನಾದಾಗಲೂ ತೋಟಗಳ ಆ ವಿನಾಯಿತಿಯು ನಿಂತಿತು. ಅಡಕೆಯು ಆ ಪಟ್ಟಿಯಲ್ಲಿಲ್ಲ. ಇದಕ್ಕೆ ಕೃಷಿಶಾಸ್ತ್ರದ ಕಾರಣಗಳನ್ನು ಹೇಳುವುದುಂಟು. ಆದರೆ ಒಂದೇ ಗುಡ್ಡದ ಬಗಲಲ್ಲಿ ಅಡಕೆಯ ಮರ, ಕಾಫಿಯ ಗಿಡ ಎರಡನ್ನೂ ಕಾಣುವ ಮಲೆನಾಡಿಗರಿಗೆ ಆ ಕಾರಣಗಳು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುವೇ?

ಇಷ್ಟೆಲ್ಲಕ್ಕೂ ವಿರುದ್ಧವಾದ ಒಂದು ಪ್ರಸಂಗವು ಈ ಸೀಮೆಯಲ್ಲಿಯೇ ದೊರೆಯುವುದು ವಿಶೇಷ. ಕೊಪ್ಪದ ಶ್ರೀ ಎಚ್. ಜಿ. ಗೋವಿಂದೇಗೌಡರು 1926ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯದ ಚಳವಳಿಯಲ್ಲಿ ಪಾಲ್ಗೊಂಡವರು. ಈ ಮೂರು ತಾಲ್ಲೂಕುಗಳ ಶೃಂಗೇರಿ ಕ್ಷೇತ್ರದಿಂದ 1983ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿ, 1994ರಿಂದ 1999ರವರೆಗೆ ಶಿಕ್ಷಣಮಂತ್ರಿಗಳಾಗಿದ್ದರು. ವಿದ್ಯೆಯಲ್ಲಿ ಹಣದ ವ್ಯವಹಾರವು ಹೆಚ್ಚಿದುದಕ್ಕಾಗಿ ಕರ್ಣಾಟಕವು 1984ರಲ್ಲಿಯೇ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಬೇಕಾಗಿ ಬಂದಿದ್ದಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂತಹ ಶುಲ್ಕವನ್ನು ಖಂಡಿಸಿದ್ದಿತು. ಪ್ರಾಥಮಿಕ ಶಾಲೆಯ ಉಪಾಧ್ಯಾಯರ ನೇಮಕವಾದರೋ ಯಾವ ಪಕ್ಷದ ಮಂತ್ರಿಗೂ ಕೃತಜ್ಞರನ್ನು ಸಂಪಾದಿಸಿಕೊಡತಕ್ಕ ದೊಡ್ಡ ಬೊಕ್ಕಸ. ಸಂದರ್ಶನದಲ್ಲಿ ಕೊಡುವ ಕೆಲವು ಅಂಕಗಳು, ಊರನ್ನು ತೋರಿಸುವ ಒಂದು ಆಜ್ಞೆ, ಇಷ್ಟಿದ್ದರೆ ವಶೀಲಿಗೆ ಸಾಕು.

ಗೌಡರು ಈ ಎರಡು ದಾರಿಗಳನ್ನೂ ಮುಚ್ಚಿದರು. ಪರೀಕ್ಷೆಯ ಅಂಕಗಳೇ ಆಯ್ಕೆಗೆ ಆಧಾರವೆಂದಾಯಿತು. ಊರನ್ನು ಆರಿಸಿಕೊಳ್ಳುವುದು ಕೌನ್ಸೆಲಿಂಗಿನಲ್ಲಿ, ಎಲ್ಲರ ಎದುರಿನಲ್ಲಿ. ಹೀಗೆ ಲಕ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯರು ಕೆಲಸಕ್ಕೆ ಬಂದರೆಂದು ಲೆಕ್ಕ. ಕೂಲಿಯ ಮಗನೂ ಪಟೇಲನ ಮಗಳೂ ಒಂದೇ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಬೇಕಾಯಿತು. ಶಿಫಾರಸಿನ ಕಾಗದಗಳನ್ನು ತಂದವರಲ್ಲಿ ಸ್ವಪಕ್ಷದವರೂ ಇದ್ದಿರಬೇಕು. ಅವರ ಅಸಮಾಧಾನವನ್ನು ಊಹಿಸುವುದು ಕಷ್ಟವಲ್ಲ.

ಈ ವಿಧಾನದಲ್ಲಿ ನ್ಯೂನತೆಯಿಲ್ಲವೆಂದಲ್ಲ. ಅಂಕವು ವಿದ್ಯೆಯ ಅಳತೆಯಾದೀತೇ ಹೊರತು ಬೋಧನಶಕ್ತಿಯ ಅಳತೆಯಾಗಲಾರದು. ಮಕ್ಕಳ ಮುಂದೆ ನಿಂತು ಮಾತು ಹೊರಡದ ಬುದ್ಧಿವಂತರು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಹಣಕೊಟ್ಟು ಬಂದವನಲ್ಲಿ ಈ ಎರಡೂ ಇರಬೇಕೆಂಬ ನಿಯಮವಿಲ್ಲ. ಅವನು ಕೊಟ್ಟುದನ್ನು ಮರಳಿ ಪಡೆಯುವ ಚಿಂತೆಯನ್ನೂ ಶಾಲೆಗೆ ಜತೆಯಲ್ಲಿಯೇ ತರುತ್ತಾನೆ.

ಗೋವಿಂದೇಗೌಡರು 2016ರ ಜನವರಿಯಲ್ಲಿ ಕೊಪ್ಪದಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಮೂವತ್ತರ ಸಮೀಪದಲ್ಲಿ ನೇಮಕಗೊಂಡಿದ್ದವರು ಈಗ ನಿವೃತ್ತಿಯ ಅಂಚಿಗೆ ಬಂದಿದ್ದಾರೆ. ಅವರ ಸ್ಥಾನಗಳು ಒಂದೊಂದಾಗಿ ತೆರವಾಗುತ್ತಿವೆ.