ಟ್ಯಾಂಕ್ ಗುರುತಿಸುವಿಕೆ

ಟ್ಯಾಂಕು ಮತ್ತಿತರ ಉಕ್ಕಿನ ಕವಚದ ಸೇನಾ ವಾಹನಗಳನ್ನು ಹೊರನೋಟದಿಂದಲೇ ಬೇರ್ಪಡಿಸುವ ಕೌಶಲ. ರಣಭೂಮಿಯ ಧೂಳಿನಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಸೈನಿಕ ಕ್ಷಣದಲ್ಲಿ ತೀರ್ಮಾನಿಸಬೇಕು. ಬಣ್ಣವನ್ನು ನಂಬುವಂತಿಲ್ಲ, ಗಾಲಿ, ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ), ತೋಪಿನ ನಳಿಗೆ ಇವೇ ಮುಖ್ಯ ಗುರುತುಗಳು.

ಗಾಲಿಯೇ ಮೊದಲು. ನಿಡಗುಂದಿ ಸೀಮೆಯಲ್ಲಿ ಕಾಲುವೆ ತೋಡುವ ಹಿಟಾಚಿ ಕಂಡವರಿಗೆ ಉಕ್ಕಿನ ಚೈನು ಹೊಸದಲ್ಲ. ಟ್ಯಾಂಕಿನಲ್ಲಿ ಆ ಚೈನಿನ ಮೇಲೆ ಉರುಳುವ ದೊಡ್ಡ ಗಾಲಿಗಳನ್ನು ಎಣಿಸುತ್ತಾರೆ. ಮಡಿಕೇರಿಯಲ್ಲಿ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿರುವ ಟಿ-55 ಟ್ಯಾಂಕು ಈ ಪಾಠಕ್ಕೆ ಒಳ್ಳೆಯ ಮಾದರಿ. ಪಕ್ಕದಲ್ಲಿ ನಿಂತು ನೋಡಿದರೆ ಐದು ಗಾಲಿ. ಮುಂದಿನ ಮೊದಲ ಗಾಲಿಗೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಸಂದು. ಮೇಲೆ ಬೋಗುಣಿ ಕವುಚಿಟ್ಟಂತೆ ದುಂಡನೆಯ ಟರೆಟ್.

ವಿಜಯಂತ, ಟಿ-72 ಟ್ಯಾಂಕುಗಳೆರಡಕ್ಕೂ ಆರು ಗಾಲಿ. ಅರ್ಜುನ್‌ಗೆ ಏಳು. ಗಾಲಿ ಎಣಿಸಲಾಗದಾಗ ಟರೆಟ್ ನೋಡಬೇಕು: ಟಿ-72ರದು ತಗ್ಗಾಗಿ, ದುಂಡಗೆ, ಅರ್ಜುನ್‌ನದು ಚಪ್ಪಟೆ ಮುಖದ ಪೆಟ್ಟಿಗೆಯಂತೆ. ಬಿಎಂಪಿ-2ಕ್ಕೂ ಆರೇ ಗಾಲಿ, ಆದರೆ ಅದು ಟ್ಯಾಂಕಲ್ಲ. ತೆಳ್ಳನೆಯ 30 ಮಿ.ಮೀ. ನಳಿಗೆ, ಸೈನಿಕರು ಇಳಿಯಲು ಹಿಂಬದಿಯಲ್ಲಿ ಎರಡು ಬಾಗಿಲು.

ನಳಿಗೆಯ ಮೇಲಿನ ಉಬ್ಬೂ ಸುಳಿವು ಕೊಡುತ್ತದೆ. ಗುಂಡು ಹಾರಿದ ಮೇಲೆ ಹೊಗೆ ಒಳಗಿನವರ ಮುಖಕ್ಕೆ ನುಗ್ಗದೆ ಹೊರಹೋಗಲು ಈ ಟೊಳ್ಳು ಕವಚ ಬೇಕು. ಟಿ-55ರಲ್ಲಿ ಅದು ನಳಿಗೆಯ ತುದಿಯಲ್ಲಿದೆ. 1971ರ ಯುದ್ಧದಲ್ಲಿ ಗುರುತಿಸುವುದೇ ಪೇಚಾಯಿತು: ಪಾಕಿಸ್ತಾನದ ಬಳಿಯಿದ್ದ ಚೀನಾದ ಟೈಪ್-59 ಟ್ಯಾಂಕು ಟಿ-54ರ ನಕಲು, ದೂರಕ್ಕೆ ಭಾರತದ ಟಿ-55ರಂತೆಯೇ ಕಾಣುತ್ತಿತ್ತು. ಭಾರತೀಯರು ತಮ್ಮ ಟ್ಯಾಂಕುಗಳ ನಳಿಗೆಯ ನಡುವೆ ಸುಳ್ಳು ಉಬ್ಬು ಕೂರಿಸಿ ವ್ಯತ್ಯಾಸ ಮಾಡಿಕೊಂಡರು.

ಗುರುತು ಸಿಗದಂತೆ ಮಾಡುವುದೂ ಇದೇ ವಿದ್ಯೆಯ ಇನ್ನೊಂದು ಮುಖ. 1948ರಲ್ಲಿ ಕಾಶ್ಮೀರದಲ್ಲಿ ಡಿವಿಷನ್ ಮುನ್ನಡೆಸುತ್ತಿದ್ದ ತಿಮ್ಮಯ್ಯ, ಜೋಜಿ ಲಾ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಲಘು ಟ್ಯಾಂಕುಗಳನ್ನು ತರಿಸಿದರು. ಟರೆಟ್ ಕಳಚಿ, ಬೇರೆಯಾಗಿ ಸಾಗಿಸಲಾಯಿತು. ಟರೆಟ್ ಇಲ್ಲದ ಟ್ಯಾಂಕು ಟ್ಯಾಂಕಿನಂತೆ ಕಾಣುವುದಿಲ್ಲ. ನವೆಂಬರ್ 1ರಂದು 11,000 ಅಡಿಗೂ ಎತ್ತರದಲ್ಲಿ ಅವು ಹಿಮದ ನಡುವಿನಿಂದ ಗುಂಡು ಹಾರಿಸಿದಾಗ ಎದುರಾಳಿಗಳು ದಿಕ್ಕೆಟ್ಟರು; ಕಣಿವೆ ಭಾರತದ ವಶವಾಯಿತು.